ಡೈರಿ ಹತ್ತಿರ ವಯಸ್ಸಾದವರಿಗೆ ಬಿಪಿ, ಶುಗರ್ ಬಗ್ಗೆ ಹೇಳಬೇಕು. ಹೇಗೆ ಹೇಳಿದರೆ ಕಿವಿಗೆ ಹಾಕಿಕೊಳ್ಳುತ್ತಾರೆ?

ತೆಂಗಿನತೋಟ:

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಕಡೆಯ ಒಂದು ಹಳ್ಳಿ. ನಾನಿರುವುದು ಬೆಂಗಳೂರಲ್ಲಿ, ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗುತ್ತೇನೆ. ಹೋದ ವರ್ಷ ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. 68 ವರ್ಷ, ಹಿಂದಿನ ದಿನ ಸಂಜೆ ತನಕ ತೋಟದಲ್ಲಿ ಕಾಯಿ ಸುಲಿದ ಮನುಷ್ಯ. ಆಸ್ಪತ್ರೆಗೆ ಸೇರಿಸಿದಾಗ ಬಿಪಿ 210 ಇತ್ತು. ಇದಕ್ಕೆ ಮೊದಲು ಯಾವತ್ತಾದರೂ ಬಿಪಿ ನೋಡಿಸಿದ್ದಿರಾ ಅಂತ ಡಾಕ್ಟ್ರು ಕೇಳಿದರೆ ಮನೆಯವರೆಲ್ಲ ಮುಖ ಮುಖ ನೋಡಿಕೊಂಡೆವು. ಈಗಲೂ ಊರಲ್ಲಿ ಹೇಳುವುದು ಒಂದೇ ಮಾತು, 'ಚೆನ್ನಾಗೇ ಇದ್ದ, ಏನೂ ಇರಲಿಲ್ಲ'.

ಅದಾದ ಮೇಲೆ ಸುಮ್ನೆ ಇರಲಾಗದೆ, ಊರಿನ ದೇವಸ್ಥಾನದ ಹತ್ತಿರ ಹಿರಿಯರನ್ನೆಲ್ಲ ಸೇರಿಸಿ ಲ್ಯಾಪ್‌ಟಾಪಲ್ಲಿ ಕಿಡ್ನಿ, ಕಣ್ಣು, ಕೊಳೆತ ಕಾಲು ಎಲ್ಲ ತೋರಿಸಿದೆ. ಅರ್ಧ ಜನ ಮಧ್ಯದಲ್ಲೇ ಎದ್ದು ಹೋದರು. ಒಬ್ಬ ಅಜ್ಜಿ ನನ್ನ ತಲೆ ಸವರಿ, 'ಹೋಗೋ ಕಾಲಕ್ಕೆ ಹೋಗ್ತೀವಿ ಕಣಪ್ಪ, ಇದನ್ನೆಲ್ಲ ತೋರಿಸಿ ಯಾಕೆ ಹೆದರಿಸ್ತೀಯ' ಅಂದರು. ಸರಿ, ಮನೆಯವರಿಂದಲೇ ಶುರು ಮಾಡೋಣ ಅಂತ ಮಿಷಿನ್ ತಂದು ಅಪ್ಪನಿಗೆ ಹಚ್ಚಿದೆ. 168/94 ಬಂತು. 'ನಿನ್ನ ಮಿಷಿನ್ ಸರಿ ಇಲ್ಲ' ಅಂತ ಹೇಳಿ ಹಸುವಿಗೆ ಹುಲ್ಲು ಹಾಕಲು ಹೋದರು.

ಈಗ ಹಾಲಿನ ಡೈರಿಯವರು ಮುಂದಿನ ಭಾನುವಾರ ಬೆಳಿಗ್ಗೆ ಒಂದು ಹದಿನೈದು ನಿಮಿಷ ಮಾತಾಡು ಅಂತ ಕರೆದಿದ್ದಾರೆ. ಈ ಸಲ ಕೆಡಿಸಿಕೊಳ್ಳಬಾರದು. ಏನು ಹೇಳಲಿ? ಅಲ್ಲೇ ಚೆಕ್ ಮಾಡಿಬಿಡಲಾ? ಜಾಸ್ತಿ ಬಂದವರನ್ನು ಆಮೇಲೆ ಏನು ಮಾಡೋದು? ಗ್ಲುಕೋಮೀಟರ್ ಕೂಡ ತಂದಿಟ್ಟಿದ್ದೇನೆ.

ಸಿಸ್ಟರಮ್ಮ:

ತಮ್ಮಾ, ನಾನು ಸಬ್ ಸೆಂಟರ್, ಪಿಎಚ್‌ಸಿ ಅಂತ 31 ವರ್ಷ ಸಿಸ್ಟರ್ ಆಗಿ ದುಡಿದು ರಿಟೈರ್ ಆದವಳು. ನಿನ್ನ ಮೂರನೇ ಪ್ರಶ್ನೆಯೇ ಮೊದಲನೇದು ಆಗಬೇಕಿತ್ತು. ಜಾಸ್ತಿ ಬಂದವರನ್ನು ಎಲ್ಲಿಗೆ ಕಳಿಸುತ್ತೀಯ ಅಂತ ಗೊತ್ತಿಲ್ಲದೆ ಚೆಕ್ ಮಾಡಬೇಡ. ಸುಮ್ನೆ ಭಯ ಹುಟ್ಟಿಸಿ ಬಂದಂತೆ ಆಗುತ್ತದೆ. ನಾಳೆಯೇ ನಿಮ್ಮೂರ ಆಶಾ ಕಾರ್ಯಕರ್ತೆಗೆ ಫೋನ್ ಮಾಡು. 30 ವರ್ಷ ದಾಟಿದ ಎಲ್ಲರಿಗೂ ಬಿಪಿ, ಶುಗರ್ ನೋಡುವುದು ಸರ್ಕಾರದ್ದೇ ಕಾರ್ಯಕ್ರಮ, ದುಡ್ಡಿಲ್ಲ. ಆಶಾ ಹತ್ತಿರ ಒಂದು ಫಾರಂ ಇರುತ್ತದೆ. ವಯಸ್ಸು, ಬೀಡಿ ತಂಬಾಕು, ಕುಡಿತ, ಸೊಂಟದ ಅಳತೆ, ಓಡಾಟ, ಅಪ್ಪ ಅಮ್ಮನಿಗೆ ಇತ್ತಾ ಅಂತ ಕೇಳಿ ಅಂಕ ಹಾಕುತ್ತಾರೆ, 4ಕ್ಕಿಂತ ಜಾಸ್ತಿ ಬಂದವರನ್ನು ಮೊದಲು ಕರೆಯುತ್ತಾರೆ. ನಿಮ್ಮ ಸಬ್ ಸೆಂಟರಿನ ಬೋರ್ಡು ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬದಲಾಗಿರಬಹುದು, ಅಲ್ಲಿ ಒಬ್ಬರು ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಅಂತ ಇನ್ನೊಂದಿದೆ, ಮನೆಗೇ ಬಂದು ನೋಡುತ್ತಾರೆ. ಭಾನುವಾರ ಅವರಲ್ಲಿ ಒಬ್ಬರನ್ನು ಡೈರಿಗೆ ಬರಲು ಕೇಳಿಕೋ. ರಜಾ ದಿನ, ಗೊಣಗಬಹುದು. ಒಂದು ಲೋಟ ಕಾಫಿ ಕೊಟ್ಟು ಕೇಳು.

ಗ್ಲುಕೋಮೀಟರ್ ಬ್ಯಾಗಲ್ಲೇ ಇರಲಿ. ಮನೆಗೆ ತಂದ ಚುಚ್ಚುವ ಪೆನ್ನು ಒಬ್ಬರಿಗೆ ಅಂತ ಮಾಡಿದ್ದು. ಸೂಜಿ ಬದಲಾಯಿಸಿದರೂ ಪೆನ್ನಿನ ತುದಿಗೆ ರಕ್ತ ಅಂಟಿರುತ್ತದೆ, ಒಬ್ಬರಿಂದ ಒಬ್ಬರಿಗೆ ಹೆಪಟೈಟಿಸ್ ಬಿ ಹೋಗುತ್ತದೆ. ರಕ್ತದ ಕೆಲಸ ಸೆಂಟರಿನವರಿಗೆ ಬಿಡು. ಅವರು ಒಬ್ಬರಿಗೆ ಒಂದು ಲ್ಯಾನ್ಸೆಟ್ (ಚುಚ್ಚುವ ಸೂಜಿ) ಹಾಕಿ ಬಿಸಾಡುತ್ತಾರೆ. ಬೆರಳಿಗೆ ಬೆಲ್ಲ, ಬಾಳೆಹಣ್ಣು ಹತ್ತಿದ್ದರೂ ಶುಗರ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ಕೈ ತೊಳೆದು ಒರೆಸಿಕೊಂಡು ಬರಲಿ.

ಬಿಪಿ ನೀನು ನೋಡಬಹುದು. ಆದರೆ ಮೇಳದಲ್ಲಿ ನೋಡುವ ಹಾಗೆ ಬೇಡ. ನಾನೇ ಒಂದು ಕ್ಯಾಂಪಲ್ಲಿ ಕೂತು ಗಂಟೆಗೆ ನೂರು ಜನರನ್ನು ನೋಡಿದ್ದೇನೆ, ಈಗ ನೆನೆಸಿಕೊಂಡರೆ ನಾಚಿಕೆ. ಒಬ್ಬರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು, ಇನ್ನೊಬ್ಬರು ಸ್ವೆಟರ್ ಮೇಲೇ ಪಟ್ಟಿ ಸುತ್ತಿಸಿಕೊಂಡರು, ಮತ್ತೊಬ್ಬರು ಅಳಿಯನ ಜೊತೆ ಜಗಳ ಆಡಿದ್ದನ್ನು ಪಟ್ಟಿ ಬಿಗಿಯುತ್ತಿರುವಾಗಲೇ ಹೇಳುತ್ತಿದ್ದರು. ಅವತ್ತು ಅರ್ಧ ಊರಿಗೆ ಬಿಪಿ ಅಂತ ಬರೆದುಕೊಟ್ಟೆವು.

ನೀನು ಹೀಗೆ ಮಾಡು. ನಾಲ್ಕು ಕುರ್ಚಿ ಸಾಲಾಗಿ ಹಾಕು, ಬೆನ್ನು ಒರಗುವಂಥ ಪ್ಲಾಸ್ಟಿಕ್ ಕುರ್ಚಿ. ಬಂದವರು ಮೊದಲನೇದರಲ್ಲಿ ಕೂರಲಿ, ಒಂದೊಂದೇ ಸರಿದು ನಾಲ್ಕನೇದಕ್ಕೆ ಬರುವ ಹೊತ್ತಿಗೆ ಐದು ನಿಮಿಷ ಆಗಿರುತ್ತದೆ. ಕೊನೇ ಕುರ್ಚಿ ಪಕ್ಕ ಒಂದು ಮೇಜು. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಇರಲಿ. ಕಾಲು ಎರಡೂ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ. ಬೀಡಿ, ಕಾಫಿ ಆಗಿ ಅರ್ಧ ಗಂಟೆ ಆಗಿರಬೇಕು. ಮೂತ್ರಕ್ಕೆ ಹೋಗಿ ಬರಲಿ. ಮಾತು ಬೇಡ, ನೀನೂ ಮಾತಾಡಿಸಬೇಡ. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ ಎರಡನ್ನೂ ಬರಿ. ನಿಮ್ಮಪ್ಪನಿಗೆ ಮಿಷಿನ್ ಸುಳ್ಳು ಅಂತ ಅನ್ನಿಸಿದ್ದು ಯಾಕೆ ಗೊತ್ತಾ? ಕೊಟ್ಟಿಗೆಯಿಂದ ಬಂದವರನ್ನು ನಿಲ್ಲಿಸಿಕೊಂಡೇ ಹಚ್ಚಿರುತ್ತೀಯ.

ತೆಂಗಿನತೋಟ:

ನಿಲ್ಲಿಸಿಕೊಂಡಿರಲಿಲ್ಲ ಸಿಸ್ಟರ್, ಜಗಲಿ ಮೇಲೆ ಕೂರಿಸಿದ್ದೆ. ಆದರೆ ಕೊಟ್ಟಿಗೆಯಿಂದ ಬಂದಿದ್ದು ನಿಜ. ನಿಮಗೆ ಹೇಗೆ ಗೊತ್ತಾಯಿತೋ!

ಡಿಗ್ರಿ_ಫ್ಯಾಟ್:

ನಾನು ಬೇರೆ ತಾಲ್ಲೂಕಿನ ಒಂದು ಹಾಲು ಸಂಘದಲ್ಲಿ ಕಾರ್ಯದರ್ಶಿ. ನಿಮಗೆ ಲ್ಯಾಪ್‌ಟಾಪ್ ಬೇಡ, ಕಿಡ್ನಿ ಚಿತ್ರವೂ ಬೇಡ. ನೀವು ಮಾತಾಡುತ್ತಿರುವ ಜಾಗ ಎಂಥದ್ದು ನೋಡಿ. ದಿನಕ್ಕೆ ಎರಡು ಹೊತ್ತು ಟೆಸ್ಟ್ ಮಾಡಿಸಲಿಕ್ಕೆಂದೇ ಜನ ಸಾಲಲ್ಲಿ ನಿಲ್ಲುವ ಜಾಗ ಅದು! ಹಾಲು ನೋಡಲು ಬೆಳ್ಳಗೇ ಇರುತ್ತದೆ, ಆದರೂ ಡಿಗ್ರಿ ಎಷ್ಟು, ಫ್ಯಾಟ್ ಎಷ್ಟು ಅಂತ ಮಿಷಿನ್ ಹೇಳಿದ ಮೇಲೇ ನಂಬುವುದು. 'ನಮ್ಮ ಹಾಲು ಚೆನ್ನಾಗೇ ಇದೆ, ಟೆಸ್ಟ್ ಬೇಡ' ಅಂತ ಯಾರಾದರೂ ಅಂದರೆ ಪಕ್ಕದವನೇ ನಗುತ್ತಾನೆ.

ಕೆಚ್ಚಲು ಬಾವಿನ ಕಥೆ ಹೇಳಿ. ಪ್ರತಿಯೊಬ್ಬರ ಮನೆಯಲ್ಲೂ ಒಂದಲ್ಲ ಒಂದು ಸಲ ಆಗಿರುತ್ತದೆ. ಕೆಚ್ಚಲು ಊದಿ, ಹಾಲು ಒಡೆದು ಗೆಡ್ಡೆ ಗೆಡ್ಡೆ ಬಂದಾಗ ಎಲ್ಲರಿಗೂ ಗೊತ್ತಾಗುತ್ತದೆ, ಆದರೆ ಅಷ್ಟರಲ್ಲಿ ಒಂದು ಮೊಲೆ ಹೋಗಿರುತ್ತದೆ. ಅದಕ್ಕೆ ಮೊದಲು ಹೊರಗೆ ಏನೂ ಕಾಣದ ಬಾವು ಇರುತ್ತದೆ ಅಲ್ವಾ? ಹಸು ಮೇವು ತಿನ್ನುತ್ತದೆ, ಮೆಲುಕು ಹಾಕುತ್ತದೆ, ಕೆಚ್ಚಲು ಮೆತ್ತಗೇ ಇರುತ್ತದೆ. ನಾಲ್ಕು ಗುಳಿ ಇರುವ ಆ ತಟ್ಟೆಗೆ ನಾಲ್ಕು ಮೊಲೆಯ ಹಾಲು ಬೇರೆ ಬೇರೆ ಹಿಂಡಿ, ದ್ರಾವಣ ಹಾಕಿ ತಿರುಗಿಸಿದರೆ ಕೆಟ್ಟಿರುವ ಮೊಲೆಯ ಹಾಲು ಮಾತ್ರ ಲೋಳೆ ಲೋಳೆ ಆಗುತ್ತದೆ. ನಾನು ಕಳೆದ ವರ್ಷ ಇದನ್ನು ಮಾಡಿ ತೋರಿಸಿ, ಆಮೇಲೆ ಬಿಪಿ ಪಟ್ಟಿ ಎತ್ತಿ ತೋರಿಸಿ 'ಇದೂ ಅದೇ' ಅಂದೆ. ಅಷ್ಟೇ ಭಾಷಣ. ಒಬ್ಬರು ಹಿರಿಯರು 'ಹಂಗಾದ್ರೆ ನಮಗೂ ತಟ್ಟೆ ಹಿಡೀರಪ್ಪ' ಅಂದರು, ಎಲ್ಲ ಗೊಳ್ಳೆಂದು ನಕ್ಕರು, ಒಬ್ಬೊಬ್ಬರಾಗಿ ಬಂದು ಕೂತರು.

ಇನ್ನೊಂದು. ಬಿಪಿ ನಂಬರನ್ನು ಬೇರೆ ಚೀಟಿಯಲ್ಲಿ ಬರೆದುಕೊಟ್ಟರೆ ಅದು ಜೇಬಲ್ಲಿ ಒದ್ದೆಯಾಗಿ ಹೋಗುತ್ತದೆ. ಹಾಲಿನ ಕಾರ್ಡಿನ ಹಿಂದೆ ಬರೆಯಿರಿ. ಅದನ್ನು ಯಾರೂ ಕಳೆಯುವುದಿಲ್ಲ, ಬಟವಾಡೆ ಸಿಗಬೇಕಲ್ಲ.

ಮೇಷ್ಟ್ರು_71:

ಹಸು ಹೋಲಿಕೆ ಚೆನ್ನಾಗಿದೆ, ಒಪ್ಪಿದೆ. ಆದರೆ ನೀವೆಲ್ಲ ನಮ್ಮ ಬಗ್ಗೆ ಮಾತಾಡುತ್ತಿದ್ದೀರಿ, ನಮ್ಮನ್ನು ಒಂದು ಮಾತು ಕೇಳಿಲ್ಲ. ನಾನು 71ರ ಮುದುಕ, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಚೆಕ್ ಮಾಡಿಸಲಿಕ್ಕೆ ಯಾಕೆ ಬರಲ್ಲ ಅಂತ ಹೇಳುತ್ತೇನೆ, ಕೇಳಿ.

ನಮಗೆ ಸಾವಿನ ಭಯ ಅಷ್ಟಿಲ್ಲ. ಅದನ್ನು ತೋರಿಸಿ ಹೆದರಿಸಿದರೆ ಆ ಅಜ್ಜಿ ಹೇಳಿದ್ದನ್ನೇ ನಾನೂ ಹೇಳುತ್ತೇನೆ. ನಮ್ಮ ಭಯ ಬೇರೆ. ಒಂದು ಸಲ ಶುಗರ್ ಅಂತ ಹೆಸರು ಬಿತ್ತೋ, ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನು ನಮ್ಮ ಎಲೆ ದಾಟಿಕೊಂಡು ಹೋಗುತ್ತಾನೆ. ಸೊಸೆ ಕಾಫಿ ಲೋಟ ಸಣ್ಣದು ಮಾಡುತ್ತಾಳೆ. ಮಗ ಫೋನ್ ಮಾಡಿದರೆ 'ಊಟ ಆಯ್ತಾ' ಅಂತ ಕೇಳುವ ಬದಲು 'ಏನ್ ತಿಂದ್ರಿ' ಅಂತ ವಿಚಾರಣೆ ಶುರು. ಮಾತ್ರೆ ಒಂದು ಸಲ ಶುರು ಮಾಡಿದರೆ ಸಾಯುವ ತನಕ ಬಿಡಲ್ಲ ಅಂತ ಬೇರೆ ಹೆದರಿಕೆ. ತಿಂಗಳ ಖರ್ಚು ಮಕ್ಕಳ ಮೇಲೆ ಬೀಳುತ್ತದೆ. ಗೊತ್ತಾಗದೆ ಇದ್ದರೆ ಇದ್ಯಾವುದೂ ಇಲ್ಲ. ಇದು ದಡ್ಡತನ ಅಲ್ಲ ಸ್ವಾಮಿ, ಲೆಕ್ಕಾಚಾರ. ತಪ್ಪು ಲೆಕ್ಕಾಚಾರ, ಅದು ಬೇರೆ ಮಾತು.

ನನ್ನದು ಗೊತ್ತಾಗಿದ್ದು ಅಕಸ್ಮಾತ್ತಾಗಿ. 63ನೇ ವಯಸ್ಸಲ್ಲಿ ಕಣ್ಣಿನ ಪೊರೆ ತೆಗೆಸಲು ಹೋದೆ, ಆಪರೇಷನ್‌ಗೆ ಮೊದಲು ರಕ್ತ ನೋಡಿದರು. ಖಾಲಿ ಹೊಟ್ಟೆಯಲ್ಲಿ 190. ನನಗೆ ಏನೂ ಆಗಿರಲಿಲ್ಲ. ಅಥವಾ ಆಗಿತ್ತು, ನಾನು ಅದಕ್ಕೆಲ್ಲ 'ವಯಸ್ಸು' ಅಂತ ಹೆಸರಿಟ್ಟಿದ್ದೆ. ರಾತ್ರಿ ಎರಡು ಮೂರು ಸಲ ಏಳುವುದು ವಯಸ್ಸು. ಸುಸ್ತು ವಯಸ್ಸು. ಪಾದ ಜೋಮು ಹಿಡಿಯುವುದು ವಯಸ್ಸು. ಒಂದು ದಿನ ಸಂತೆಯಲ್ಲಿ ಎಡಗಾಲಿನ ಚಪ್ಪಲಿ ಕಳಚಿ ಬಿದ್ದಿದೆ, ನಾನು ಬರಿಗಾಲಲ್ಲಿ ಹತ್ತು ಹೆಜ್ಜೆ ನಡೆದಿದ್ದೇನೆ, ತರಕಾರಿಯವಳು ಕೂಗಿ ಹೇಳಿದ ಮೇಲೆ ಗೊತ್ತಾಗಿದ್ದು. ಅದಕ್ಕೂ ನಕ್ಕು 'ವಯಸ್ಸಾಯ್ತಮ್ಮ' ಅಂದಿದ್ದೆ.

ಇನ್ನು ಇರುವೆ ವಿಚಾರ. ನಮ್ಮ ಕಡೆ ಮೂತ್ರಕ್ಕೆ ಇರುವೆ ಮುತ್ತಿದರೆ ಶುಗರ್, ಇಲ್ಲದಿದ್ದರೆ ಇಲ್ಲ ಅಂತ ನಂಬಿಕೆ. ನಾನೂ ಹಿತ್ತಲಲ್ಲಿ ನಿಂತು ಬಗ್ಗಿ ನೋಡಿದವನೇ! ಇರುವೆ ಬಂದಿರಲಿಲ್ಲ. ಡಾಕ್ಟ್ರು ಆಮೇಲೆ ಹೇಳಿದರು, ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲಷ್ಟೇ ಮೂತ್ರಕ್ಕೆ ಇಳಿಯುತ್ತದೆ, ವಯಸ್ಸಾದಂತೆ ಆ ಗೆರೆ ಇನ್ನೂ ಮೇಲೆ ಹೋಗುತ್ತದೆ ಅಂತ. ಅಂದರೆ ನಮ್ಮಂಥವರಿಗೆ ಇರುವೆ ಬರುವುದೇ ತಡ. ಇದನ್ನು ಡೈರಿಯಲ್ಲಿ ಖಂಡಿತ ಹೇಳಿ. ಯಾರೂ ಬಾಯಿ ಬಿಟ್ಟು ಹೇಳಲ್ಲ, ಆದರೆ ಎಲ್ಲರೂ ನೋಡಿರುತ್ತಾರೆ.

ನಾನು ಈಗಲೂ ಹಬ್ಬದ ದಿನ ಒಂದು ಹೋಳಿಗೆ ತಿನ್ನುತ್ತೇನೆ, ಅವತ್ತು ಅನ್ನ ಕಮ್ಮಿ. ಮಾತ್ರೆ ಜನೌಷಧಿ ಅಂಗಡಿಯಿಂದ ತರುತ್ತೇನೆ, ಅದಕ್ಕೆ ಆಗುವ ಖರ್ಚು ನನ್ನ ಎಲೆ ಅಡಿಕೆ ಖರ್ಚಿಗಿಂತ ಕಮ್ಮಿ. ಈ ಎರಡು ವಾಕ್ಯ ಹೇಳಲಿಕ್ಕೆ ನನ್ನಂಥ ಒಬ್ಬ ಮುದುಕನನ್ನು ಹಿಡಿದುಕೊಂಡು ಹೋಗಿ. ನಿಮ್ಮೂರಲ್ಲೂ ಶುಗರ್ ಇದ್ದು ಗಟ್ಟಿಯಾಗಿ ಓಡಾಡುವ ಒಬ್ಬರು ಇದ್ದೇ ಇರುತ್ತಾರೆ.

ವಾರ್ಡ್_ರೌಂಡ್ಸ್:

ಮೇಷ್ಟ್ರೇ, ನಿಮ್ಮ ಚಪ್ಪಲಿ ಕಥೆಯನ್ನು ನಾನು ನನ್ನ ಜೂನಿಯರ್‌ಗಳಿಗೆ ಹೇಳುತ್ತೇನೆ, ಅಪ್ಪಣೆ ಇದೆ ಅಂದುಕೊಳ್ಳುತ್ತೇನೆ.

ನಾನು ಡಾಕ್ಟರ್, ಸಮುದಾಯ ವೈದ್ಯ ವಿಭಾಗದಲ್ಲಿದ್ದೇನೆ. ನಂಬರ್‌ಗಳನ್ನು ಸರಿಯಾಗಿ ಇಟ್ಟುಕೊಳ್ಳೋಣ ಅಂತ ಬರೆಯುತ್ತಿದ್ದೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆಗೂಡಿ ಮಾಡಿದ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ವಯಸ್ಕರಲ್ಲಿ 11.4% ಜನಕ್ಕೆ ಶುಗರ್, 15.3% ಜನ ಗಡಿಯಲ್ಲಿ, 35.5% ಜನಕ್ಕೆ ಬಿಪಿ. ಇದು 20 ದಾಟಿದ ಎಲ್ಲರ ಲೆಕ್ಕ. ವಯಸ್ಸಾದವರನ್ನಷ್ಟೇ ಕೂರಿಸಿದರೆ ಇನ್ನೂ ಜಾಸ್ತಿ ಸಿಗುತ್ತದೆ, ಹಾಗಾಗಿ ಭಾನುವಾರ ಹತ್ತರಲ್ಲಿ ನಾಲ್ಕೈದು ಜನಕ್ಕೆ ಬಂದರೆ ಗಾಬರಿ ಬೀಳಬೇಡಿ, ಮಿಷಿನ್ನನ್ನೂ ಬಯ್ಯಬೇಡಿ.

ಬಿಪಿ 140/90 ಮುಟ್ಟಿದರೆ ಅಥವಾ ದಾಟಿದರೆ ಜಾಸ್ತಿ. ಆಸ್ಪತ್ರೆಯಲ್ಲಿ ಕೋಟು ನೋಡಿಯೇ ಏರುವವರು ಇರುತ್ತಾರೆ, ಅದಕ್ಕೇ ಮನೆಯಲ್ಲಿ ನೋಡಿದರೆ ಗೆರೆ 135/85. ವಯಸ್ಸಾದವರಲ್ಲಿ ಹೆಚ್ಚಾಗಿ ಮೇಲಿನ ಅಂಕಿ ಮಾತ್ರ ಏರಿರುತ್ತದೆ, 165/78 ಹೀಗೆ. ರಕ್ತನಾಳ ಗಡುಸಾಗುವುದರಿಂದ ಹೀಗಾಗುತ್ತದೆ. 'ಕೆಳಗಿನದು ಸರಿ ಇದೆಯಲ್ಲ, ವಯಸ್ಸಿಗೆ ನೂರು ಕೂಡಿಸಿದರೆ ಅಷ್ಟಿರಬೇಕು' ಅಂತ ಹಳೇ ಲೆಕ್ಕ ಒಂದಿದೆ, ಅದನ್ನು ದಯವಿಟ್ಟು ಹೂತುಬಿಡಿ. ಮೇಲಿನದು ಒಂದೇ ಜಾಸ್ತಿ ಇದ್ದರೂ ಲಕ್ವಕ್ಕೆ ದಾರಿಯೇ.

ಒಂದು ದಿನದ ರೀಡಿಂಗ್‌ನಿಂದ ಯಾರಿಗೂ 'ನಿಮಗೆ ಬಿಪಿ ಇದೆ' ಅಂತ ಹೇಳಬೇಡಿ. 'ಇವತ್ತು ಜಾಸ್ತಿ ಇದೆ, ಇನ್ನೊಂದು ದಿನ ಸೆಂಟರಲ್ಲಿ ನೋಡಿಸಿ' ಅನ್ನಿ. ಆದರೆ 180/120 ಮೇಲೆ ಬಂದು ಜೊತೆಗೆ ಎದೆ ನೋವು, ಉಸಿರಾಟದ ತೊಂದರೆ, ಕಣ್ಣು ಮಂಜು, ವಿಪರೀತ ತಲೆನೋವು ಏನಾದರೂ ಇದ್ದರೆ ಅವತ್ತೇ ಆಸ್ಪತ್ರೆ. ಬಾಯಿ ಸೊಟ್ಟ, ಒಂದು ಕೈ ಬಿದ್ದುಹೋಗುವುದು, ಮಾತು ತೊದಲುವುದು ಕಂಡರೆ 108ಕ್ಕೆ ಫೋನ್. ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಲಕ್ಷಣ ಶುರುವಾದ ಹೊತ್ತಿನಿಂದ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಎಣ್ಣೆ ತಿಕ್ಕುತ್ತಾ ಬೆಳಗಾಗಲಿ ಅಂತ ಕಾದರೆ ಆ ಅವಕಾಶ ಹೋಯಿತು.

ಶುಗರ್ ಖಾಲಿ ಹೊಟ್ಟೆಯಲ್ಲಿ 126 ಅಥವಾ ಮೇಲೆ ಇದ್ದರೆ ಕಾಯಿಲೆ, 100ರಿಂದ 125 ಗಡಿ. ಬೆರಳು ಚುಚ್ಚಿ ನೋಡುವುದು ಹುಡುಕಲಿಕ್ಕೆ ಮಾತ್ರ, ಖಚಿತ ಮಾಡಲು ಲ್ಯಾಬಲ್ಲಿ ರಕ್ತ ಕೊಡಬೇಕು. ಅಂದಹಾಗೆ ಡೈರಿ ಬೆಳಿಗ್ಗೆ ಆರಕ್ಕೇ ತೆಗೆಯುತ್ತದೆ, ಜನ ಹಾಲು ಕರೆದು ನೇರ ಬರುತ್ತಾರೆ. ಹಿಂದಿನ ದಿನ ಸಂಜೆ ಹಾಲು ಹಾಕಲು ಬಂದಾಗಲೇ 'ನಾಳೆ ಕಾಫಿ ಕುಡಿಯದೆ ಬನ್ನಿ' ಅಂತ ಹೇಳಿಬಿಟ್ಟರೆ ಖಾಲಿ ಹೊಟ್ಟೆಯ ಶುಗರ್ ನೋಡಲು ಇದಕ್ಕಿಂತ ಒಳ್ಳೇ ಜಾಗ ನಿಮಗೆ ಸಿಗಲ್ಲ. ಈಗಾಗಲೇ ಶುಗರ್ ಮಾತ್ರೆ ತಗೊಳ್ಳುವವರು ಮಾತ್ರ ಇದಕ್ಕೋಸ್ಕರ ಹೊಟ್ಟೆ ಕಾಯಿಸುವುದು ಬೇಡ. ಲೋ ಶುಗರ್ ಆಗಿ ಸಾಲಲ್ಲೇ ಬಿದ್ದರೆ ನಿಮ್ಮ ಕಾರ್ಯಕ್ರಮದ ಕಥೆ ಮುಗಿಯಿತು.

ಮಂಡಿ ನೋವಿಗೆ ಅಂಗಡಿಯಲ್ಲಿ ಕೇಳಿ ತಗೊಳ್ಳುವ ಮಾತ್ರೆಗಳ ಬಗ್ಗೆಯೂ ಕೇಳಿ. ಅವುಗಳಲ್ಲಿ ಹಲವು ಬಿಪಿ ಏರಿಸುತ್ತವೆ, ಕಿಡ್ನಿಗೂ ಒಳ್ಳೇದಲ್ಲ. ಯಾರೂ ಅದನ್ನು 'ಮಾತ್ರೆ' ಅಂತ ಲೆಕ್ಕಕ್ಕೆ ಇಡುವುದೇ ಇಲ್ಲ.

ರೊಟ್ಟಿ_ಪಲ್ಯ:

ಡಾಕ್ಟ್ರೇ ಒಂದು ಸಣ್ಣ ಪ್ರಶ್ನೆ ರೀ. ನಮ್ಮ ಅಪ್ಪಾಜಿ ಧಾರವಾಡದಾಗ ಇರತಾರ, 'ನಾ ಜೋಳದ ರೊಟ್ಟಿ ತಿನ್ನಾಂವ, ನನಗ ಶುಗರ್ ಯಾಕ ಬರತದ' ಅಂತ ಟೆಸ್ಟಿಗೇ ಬರಂಗಿಲ್ಲ. ಅದರ ಮ್ಯಾಲ ವಾಟ್ಸಾಪಿನಾಗ ದಿನಾ ಒಂದು ಕಷಾಯ. ಇದಕ್ಕ ಏನ್ ಹೇಳೂಣು?

ವಾರ್ಡ್_ರೌಂಡ್ಸ್:

ಜೋಳ, ರಾಗಿ ಒಳ್ಳೆಯವೇ, ನಾರು ಜಾಸ್ತಿ ಇದೆ. ಆದರೆ ಪಿಷ್ಟ ಅಕ್ಕಿಗಿಂತ ಭಾರಿ ಕಮ್ಮಿಯೇನಿಲ್ಲ. ನಾಲ್ಕು ರೊಟ್ಟಿ ನಾಲ್ಕು ರೊಟ್ಟಿಯೇ. ನುಣ್ಣಗೆ ಬೀಸಿದ ರಾಗಿ ಗಂಜಿ ಕುಡಿದರೆ ಮುದ್ದೆಗಿಂತ ಬೇಗ ಶುಗರ್ ಏರುತ್ತದೆ. ಜಗಳ ಆಡಬೇಡಿ. 'ಹಾಗಾದರೆ ರೊಟ್ಟಿ ಎಷ್ಟು ಚೆನ್ನಾಗಿ ಕೆಲಸ ಮಾಡಿದೆ ನೋಡೋಣ ಬನ್ನಿ ಅಪ್ಪಾಜಿ' ಅಂತ ಕರೆದುಕೊಂಡು ಹೋಗಿ.

ಕಡಲ_ತಡಿ:

ನನ್ನದು ಕುಂದಾಪುರ ಕಡೆ. ಒಂದು ವಿಷಯ ಯಾರೂ ಹೇಳಲಿಲ್ಲ, ಡೈರಿಗೆ ಹಾಲು ಹಾಕಲು ಬರುವವರು ಯಾರು? ನಮ್ಮಲ್ಲಂತೂ ಕರೆಯುವುದು ಹೆಂಗಸರು, ತಗೊಂಡು ಹೋಗುವುದು ಹೆಚ್ಚಾಗಿ ಗಂಡಸರು. ವಯಸ್ಸಾದ ಹೆಂಗಸರು ಆ ಹೊತ್ತಿಗೆ ಒಲೆ ಮುಂದೆ ಇರುತ್ತಾರೆ. ನಮ್ಮ ಅಮ್ಮ ಎಷ್ಟು ಕರೆದರೂ ಬರಲಿಲ್ಲ. ಕೊನೆಗೆ ಪಕ್ಕದ ಮನೆಯ ದೊಡ್ಡಮ್ಮನಿಗೆ 'ನಿಮ್ಮ ಜೊತೆ ಬರಲಿಕ್ಕೆ ಯಾರೂ ಇಲ್ಲವಂತೆ, ಅಮ್ಮ ಬರುತ್ತಾರಂತೆ' ಅಂದೆ, ಅಮ್ಮನಿಗೂ ಅದನ್ನೇ ತಿರುಗಿಸಿ ಹೇಳಿದೆ. ಇಬ್ಬರೂ ಒಬ್ಬರಿಗೊಬ್ಬರು ಉಪಕಾರ ಮಾಡಲು ಹೊರಟರು. ಅಮ್ಮನದು 158 ಬಂತು. ದೊಡ್ಡಮ್ಮನದು ಸರಿ ಇತ್ತು, ಅದಕ್ಕೆ ಅಮ್ಮನಿಗೆ ಇವತ್ತಿಗೂ ಸ್ವಲ್ಪ ಬೇಜಾರು!

ಉಪ್ಪಿನ ಬಗ್ಗೆ ಹೇಳುವಾಗ 'ಉಪ್ಪು ಕಮ್ಮಿ ತಿನ್ನಿ' ಅಂದರೆ ಯಾರೂ ಒಪ್ಪಲ್ಲ, ಎಲ್ಲರ ಮನೆಯಲ್ಲೂ ಉಪ್ಪು ಕಮ್ಮಿಯೇ ಹಾಕುವುದು, ಕೇಳಿ ನೋಡಿ. ನಾನು ಮಾಡಿದ ಲೆಕ್ಕ ಇದು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ ಇರಬೇಕು ಅಂತಾರೆ, ಒಂದು ಟೀ ಚಮಚ. ಮನೆಯಲ್ಲಿ ನಾಲ್ಕು ಜನ ಅಂದರೆ 20 ಗ್ರಾಂ. ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಪ್ಯಾಕೆಟ್ ಮೇಲೆ ಒಡೆದ ತಾರೀಕು ಪೆನ್ನಲ್ಲಿ ಬರೆದಿಟ್ಟೆ. ನಮ್ಮಲ್ಲಿ 26 ದಿನಕ್ಕೆ ಖಾಲಿ. ಅದೂ ಉಪ್ಪಿನಕಾಯಿ, ಒಣ ಮೀನು, ಅಂಗಡಿಯ ಹಪ್ಪಳ ಬಿಟ್ಟು. ಅಮ್ಮ ಪ್ಯಾಕೆಟ್ ತಿರುಗಿಸಿ ತಿರುಗಿಸಿ ನೋಡಿದರು, 'ಇದು ತೂಕದಲ್ಲಿ ಮೋಸ' ಅಂದರು. ಆದರೆ ಮಾರನೇ ದಿನದಿಂದ ಗಂಜಿಗೆ ಉಪ್ಪು ಹಾಕುವುದು ಬಿಟ್ಟರು, ಉಪ್ಪಿನಕಾಯಿ ಇದೆಯಲ್ಲ ಸಾಕು ಅಂತ.

ಸಿಸ್ಟರಮ್ಮ:

ಕಡಲ ತಡಿ ಹೇಳಿದ್ದು ಸರಿ. ತಮ್ಮಾ, ಡೈರಿ ಮುಗಿಸಿ ಹತ್ತು ಗಂಟೆಗೆ ಅಂಗನವಾಡಿ ಹತ್ತಿರ ಇನ್ನೊಂದು ಸಲ ಕೂರು. ಸ್ತ್ರೀಶಕ್ತಿ ಸಂಘದವರಿಗೆ ಮೊದಲೇ ಹೇಳಿರು. ಮತ್ತೆ, ಈಗಾಗಲೇ ಮಾತ್ರೆ ತಗೊಳ್ಳುತ್ತಿರುವ ಹಿರಿಯರು ಬಂದರೆ ಕೂತು ನೋಡಿದ ಮೇಲೆ ಎದ್ದು ನಿಲ್ಲಿಸಿಯೂ ನೋಡು. ಎದ್ದ ಕೂಡಲೇ ಬಿಪಿ ಇಳಿದು ತಲೆ ಸುತ್ತಿ ಬಚ್ಚಲಲ್ಲಿ ಬೀಳುವವರು ಎಷ್ಟೋ ಜನ. ಹಾಗಿದ್ದರೆ ಡಾಕ್ಟರ ಹತ್ತಿರ ಕಳಿಸು. ಮಾತ್ರೆ ಬಿಡಿ, ಅರ್ಧ ಮಾಡಿ ಅಂತ ನೀನು ಬಾಯಿ ಹಾಕಬೇಡ.

ತೆಂಗಿನತೋಟ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಭಾನುವಾರ ಆಯಿತು, ಅದಾಗಿ ಎರಡು ವಾರವೂ ಆಯಿತು.

ನಾಲ್ಕು ಕುರ್ಚಿ ಉಪಾಯ ಕೆಲಸ ಮಾಡಿತು, ಬರೀ ಐದು ನಿಮಿಷ ಕೂರಿಸಲು ಅಲ್ಲ. ಕುರ್ಚಿ ಖಾಲಿ ಇದ್ದರೆ ಜನ ಬಂದು ಕೂರುತ್ತಾರೆ! ಪಶು ಆಸ್ಪತ್ರೆಯವರ ಹತ್ತಿರ ಆ ತಟ್ಟೆ ಇಸಿದುಕೊಂಡು ಬಂದಿದ್ದೆ. ಒಬ್ಬರ ಹಸುವಿನ ಹಾಲು ನಿಜವಾಗಿಯೂ ಲೋಳೆಯಾಗಿಬಿಟ್ಟಿತು, ಅವರ ಮುಖ ಸಪ್ಪಗಾಯಿತು, ಹತ್ತು ನಿಮಿಷ ಎಲ್ಲ ಅದನ್ನೇ ಮಾತಾಡಿದರು. ನನ್ನ ಭಾಷಣದ ಟೈಮು ಅದರಲ್ಲೇ ಮುಗಿಯಿತು, ಒಳ್ಳೇದೇ ಆಯಿತು. ಇರುವೆ ವಿಷಯ ಎತ್ತಿದಾಗ ಮೊದಲು ಎಲ್ಲ ನಗು, ಆಮೇಲೆ ಒಬ್ಬೊಬ್ಬರೇ ಹತ್ತಿರ ಬಂದು ಮೆಲ್ಲಗೆ 'ಅಲ್ಲ ಕಣಪ್ಪ, ಹಂಗಾದ್ರೆ ಇರುವೆ ಬರದಿದ್ರೂ ಇರಬೋದಾ' ಅಂತ ಕೇಳಿದರು. ಮೇಷ್ಟ್ರಿಗೆ ನಮಸ್ಕಾರ.

ಡೈರಿ, ಅಂಗನವಾಡಿ ಎರಡೂ ಸೇರಿ 43 ಜನ. ಅದರಲ್ಲಿ 17 ಜನಕ್ಕೆ 140 ಮೇಲೆ. ಅದರಲ್ಲಿ ಐದು ಜನಕ್ಕೆ ಮಾತ್ರ ಮೊದಲೇ ಗೊತ್ತಿತ್ತು, ಗೊತ್ತಿದ್ದವರಲ್ಲೂ ಇಬ್ಬರು ಕಾಲು ಊದುತ್ತದೆ ಅಂತ ಮಾತ್ರೆ ಬಿಟ್ಟು ಆರು ತಿಂಗಳಾಗಿತ್ತು. ಸಿಎಚ್‌ಒ ಬಂದಿದ್ದರು, ಆದರೆ ಶುಗರ್ ಸ್ಟ್ರಿಪ್ 20 ಮಾತ್ರ ಇತ್ತು. ಉಳಿದವರನ್ನು ಬುಧವಾರ ಬನ್ನಿ ಅಂದರು. ಬುಧವಾರ ಹೋದವರು ಎಷ್ಟು ಅಂದರೆ ಎಂಟು. ಇಬ್ಬರು ಸೆಂಟರ್ ಬಾಗಿಲು ಹಾಕಿದೆ ಅಂತ ವಾಪಸ್ ಬಂದರಂತೆ, ಅವರು ಹೋಗಿದ್ದು ಸಂಜೆ ಐದೂವರೆಗೆ. ಅವರನ್ನು ಮತ್ತೆ ಹೊರಡಿಸುವುದು ಈಗ ದೊಡ್ಡ ಕೆಲಸ. ಒಬ್ಬರು, ದೊಡ್ಡಪ್ಪನ ಸ್ನೇಹಿತರೇ, ಕುರ್ಚಿ ತನಕ ಬಂದು ಎದ್ದು ಹೋದರು. ಒತ್ತಾಯ ಮಾಡಲಿಲ್ಲ.

ಅಪ್ಪ ಬಂದು ಮೊದಲನೇ ಕುರ್ಚಿಯಲ್ಲಿ ಕೂತರು. ನಾನು ಕರೆದಿರಲಿಲ್ಲ. ಹಾಲು ಹಾಕಿ ಕಾರ್ಡು ಕೈಯಲ್ಲಿ ಹಿಡಿದುಕೊಂಡು ಸಾಲಲ್ಲಿ ಬಂದರು. 164/86, ಇನ್ನೊಂದು ಸಲ 160/84. ಸುಮ್ನೆ ಕಾರ್ಡು ತಿರುಗಿಸಿ ಕೊಟ್ಟರು, ಬರಿ ಅಂತ. ಸೆಂಟರಲ್ಲಿ ಮತ್ತೆ ಎರಡು ಸಲ ನೋಡಿ ಡಾಕ್ಟ್ರು ಮಾತ್ರೆ ಶುರು ಮಾಡಿದ್ದಾರೆ. ಈಗ ಬೆಳಿಗ್ಗೆ ಫೋನ್ ಮಾಡಿದರೆ ಹಾಲು ಎಷ್ಟು ಲೀಟರ್, ಡಿಗ್ರಿ ಎಷ್ಟು ಅಂತ ಹೇಳಿ, ಅದೇ ಉಸಿರಲ್ಲಿ ಬಿಪಿಯನ್ನೂ ಹೇಳುತ್ತಾರೆ.

ಒಂದು ಪ್ರಶ್ನೆ ಉಳಿದಿದೆ. ನಮ್ಮೂರಲ್ಲಿ ಮೂರು ನಾಲ್ಕು ಜನಕ್ಕೆ ತೋಳು ದಪ್ಪ, ಪಟ್ಟಿ ಸಾಲುತ್ತಿರಲಿಲ್ಲ, ಎಳೆದು ಸುತ್ತಿದೆ. ಎಲ್ಲರಿಗೂ ಜಾಸ್ತಿಯೇ ಬಂತು. ಅದನ್ನು ಲೆಕ್ಕಕ್ಕೆ ತಗೊಳ್ಳಬಹುದಾ?

ಸಿಸ್ಟರಮ್ಮ:

ತಗೊಳ್ಳಬೇಡ. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ನಿನ್ನ ಪಟ್ಟಿ ಮೇಲೆ ಅಳತೆ ಬರೆದಿರುತ್ತದೆ ನೋಡು, ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ಟೇಪಲ್ಲಿ ಅವರ ತೋಳಿನ ಮಧ್ಯಭಾಗ ಅಳೆ. ಅದಕ್ಕಿಂತ ದಪ್ಪ ಇದ್ದರೆ ದೊಡ್ಡ ಪಟ್ಟಿ ಬೇರೆ ಸಿಗುತ್ತದೆ, ನಿನ್ನ ಮಿಷಿನ್ ಕಂಪನಿಯದೇ ತಗೋ. ಅದು ಬರುವ ತನಕ ಆ ನಾಲ್ಕು ಜನರ ಕಾರ್ಡಲ್ಲಿ ಬರೆದದ್ದಕ್ಕೆ ಒಂದು ಗೆರೆ ಎಳೆದು, ಮತ್ತೆ ನೋಡಬೇಕು ಅಂತ ಬರೆದಿಡು. ಆ ಎದ್ದು ಹೋದವರ ಮನೆಗೆ ನಿಮ್ಮ ಅಪ್ಪನನ್ನು ಕಳಿಸು. ನೀನು ಹೋಗಬೇಡ.